ಮಾರ್ಕ್ಸ್ ಹಾಕುವ ಮೇಷ್ಟ್ರ ಮುಂದೆ ಮಗು ಮನಸ್ಸು ಬಿಚ್ಚೀತೇ?

ಬಳ್ಳಾರಿ: ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಓದುವ ಜಾಗದಲ್ಲಿ, ಅದು ಸ್ಕೂಲಾಗಲಿ, ಕಾಲೇಜಾಗಲಿ, ಕೋಚಿಂಗ್ ಸೆಂಟರಾಗಲಿ, ಮಕ್ಕಳ ಮನಸ್ಸಿನ ಕಷ್ಟ ಕೇಳಲು ತರಬೇತಿ ಪಡೆದ ಒಬ್ಬರಾದರೂ ಇರಲೇಬೇಕು. 2025ರ ಜುಲೈ 25ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಕೊಟ್ಟ 15 ಸೂಚನೆಗಳಲ್ಲಿ ಇದೂ ಒಂದು. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದು ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿ 2023ರಲ್ಲಿ ತೀರಿಕೊಂಡಳು. ನ್ಯಾಯ ಕೇಳುತ್ತಾ ತಂದೆ ದಿಲ್ಲಿಯವರೆಗೂ ಹೋದರು. ಆ ಕೇಸಿನಲ್ಲಿ ಬಂದ ತೀರ್ಪಿದು. ಸರ್ಕಾರ ಬೇರೆ ಕಾನೂನು ಮಾಡುವ ತನಕ ಇದನ್ನೇ ಕಾನೂನೆಂದು ಪಾಲಿಸಬೇಕೆಂದೂ ಕೋರ್ಟು ಹೇಳಿದೆ.

ಆದೇಶವೇನೋ ಬಂತು. ಆ ಕುರ್ಚಿಯಲ್ಲಿ ಕೂರುವವರು ಯಾರು?

ಕೌನ್ಸೆಲರ್ ಅಂದರೆ ಓಟು ಕೇಳಲು ಬರುವ ಕೌನ್ಸಿಲರ್ ಅಲ್ಲ. ಗದರದೆ, ನಡುವೆ ಬಾಯಿ ಹಾಕದೆ, ಮಗುವಿನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರು. ಸರ್ಕಾರಿ ಭಾಷೆಯಲ್ಲಿ ಆಪ್ತಸಮಾಲೋಚಕರು. ಆದರೆ ಕಡತದ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಸುತ್ತೋಲೆ ಹೊರಟೀತು, ಒಂದು ದಿನದ ತರಬೇತಿ ನಡೆದೀತು, ಡ್ರಿಲ್ ಮೇಷ್ಟ್ರ ಹೆಸರಿನ ಮುಂದೆ ಇನ್ನೊಂದು ಬಿರುದು ಸೇರೀತು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಮುಗಿಸಿ ಉಳಿದ ಹತ್ತು ನಿಮಿಷದಲ್ಲಿ ಅವರು ಮಕ್ಕಳ ಮನಸ್ಸನ್ನೂ ನೋಡಿಕೊಳ್ಳಬೇಕು.

ಮೇಷ್ಟ್ರು ಕೆಟ್ಟವರಲ್ಲ. ಆದರೆ ನಿನ್ನೆ ಬೆಂಚಿನ ಮೇಲೆ ನಿಲ್ಲಿಸಿದವರ ಹತ್ತಿರ, ನಾಳೆ ಮಾರ್ಕ್ಸ್ ಹಾಕುವವರ ಹತ್ತಿರ ಹುಡುಗ ಇವತ್ತು ಏನಂತ ಬಾಯಿ ಬಿಟ್ಟಾನು?

ಪರೀಕ್ಷೆಯೊಂದೇ ಕಾರಣವಲ್ಲ

"ಈಗಿನ ಹುಡುಗ್ರಿಗೆ ಏನ್ ಕಮ್ಮಿ ಆಗೈತಿ? ಉಣ್ಣಾಕೈತಿ, ಉಡಾಕೈತಿ" ಅನ್ನುವವರು ಪ್ರತಿ ಕಟ್ಟೆಯ ಮೇಲೂ ಸಿಗುತ್ತಾರೆ. ಅವರಿಗೆ ಕೇಂದ್ರ ಸರ್ಕಾರದ ಲೆಕ್ಕವೇ ಉತ್ತರ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ ಸರಾಸರಿ 35 ಮನೆಗಳ ದೀಪ. ಇದರಲ್ಲಿ ಪರೀಕ್ಷೆ ಫೇಲಾಗಿದ್ದೇ ಕಾರಣವಾದವು 2,248 ಎಂದು ತೀರ್ಪಿನಲ್ಲೇ ಇದೆ. ಐದರಲ್ಲಿ ಒಂದು ಪಾಲೂ ಆಗಲಿಲ್ಲ. ಉಳಿದವುಗಳ ಹಿಂದೆ ಮನೆಯ ಜಗಳ, ಕಾಯಿಲೆ, ಪ್ರೇಮದ ಗೋಜಲು, ಹೀಗೆ ನಾನಾ ಕಾರಣ.

ಅಂದಮೇಲೆ ಮಾರ್ಚಿಯಲ್ಲಿ ಒಮ್ಮೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ "ಧೈರ್ಯವಾಗಿ ಪರೀಕ್ಷೆ ಬರೆಯಿರಿ" ಎಂದು ಮೈಕಿನಲ್ಲಿ ಭಾಷಣ ಮಾಡಿದರೆ ಕೆಲಸ ಆಗುವುದಿಲ್ಲ. ಸಿರುಗುಪ್ಪ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಹುಡುಗನಿಗೆ ಮನೆಯಲ್ಲಿ ಅಪ್ಪನ ಕುಡಿತದ ಚಿಂತೆ ಇರಬಹುದು. ಜೀನ್ಸ್ ಹೊಲಿಯುವ ಅವ್ವನ ಜೊತೆ ರಾತ್ರಿಯೆಲ್ಲ ಕೂತ ಹುಡುಗಿ ಕ್ಲಾಸಿನಲ್ಲಿ ತೂಕಡಿಸಿದರೆ ಅದು ಸೋಮಾರಿತನ ಅಲ್ಲ. ಅದನ್ನು ಕೇಳಲು ಜೂನ್‌ನಿಂದ ಏಪ್ರಿಲ್‌ವರೆಗೂ ಒಬ್ಬರು ಬೇಕು.

ಬಳ್ಳಾರಿಗೆ ಇದು ಹೊಸತಲ್ಲ

ಅಷ್ಟು ಮನಶ್ಶಾಸ್ತ್ರ ಓದಿದವರನ್ನು ಎಲ್ಲಿಂದ ತರೋದು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿಯನ್ನೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಗೇ ತಂದರು. ಅದು "ಬಳ್ಳಾರಿ ಮಾದರಿ" ಎಂದೇ ಹೆಸರಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಅದೇ ಬುನಾದಿ.

ಅದರ ಪಾಠ ಇಷ್ಟೇ: ಇರುವ ಜನರಿಂದಲೇ ಕೆಲಸ ಆಗುತ್ತದೆ. ಆದರೆ ಅವರಿಗೆ ಸರಿಯಾದ ತರಬೇತಿ ಬೇಕು, ಬಿಡುವು ಬೇಕು, ಕೈಮೀರಿದಾಗ ಕಳಿಸಲು ಬೆನ್ನ ಹಿಂದೆ ತಜ್ಞರು ಬೇಕು. ಕೋರ್ಟು ಕೂಡ ಮನಶ್ಶಾಸ್ತ್ರಜ್ಞರೇ ಬೇಕೆಂದು ಹಟ ಹಿಡಿದಿಲ್ಲ. ಮಕ್ಕಳ ಮಾನಸಿಕ ಆರೋಗ್ಯದ ತರಬೇತಿ ಇರುವ ಕೌನ್ಸೆಲರ್ ಅಥವಾ ಸಮಾಜ ಕಾರ್ಯಕರ್ತರಾದರೂ ಸರಿ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಹೊರಗಿನ ತಜ್ಞರ ಜೊತೆ ಲಿಖಿತ ಏರ್ಪಾಡು ಮಾಡಿಕೊಂಡರೆ ಸಾಕು. ಮೇಷ್ಟ್ರುಗಳಿಗೂ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಮಕ್ಕಳ ಸಂಕಟ ಗುರುತಿಸುವುದು ಮೇಷ್ಟ್ರ ಕೆಲಸ, ಕೂತು ಕೇಳುವುದು ಬೇರೆಯವರ ಕೆಲಸ.

ಗುಟ್ಟು ಉಳಿಯಬೇಕು

ಮಗು ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಹೋದರೆ, ಆ ಮಗು ಮತ್ತೆ ಬಾಯಿ ಬಿಡದು. ಅದನ್ನು ನೋಡಿದ ಉಳಿದ ಮಕ್ಕಳೂ ಬಿಡರು. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕು ಅನ್ನುವುದು ಇದಕ್ಕೇ. ಗುಟ್ಟಿಗೂ ಒಂದು ಗೆರೆ ಇದೆ. ಲೈಂಗಿಕ ಕಿರುಕುಳದ ಮಾತು ಬಂದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಮನೆಯವರನ್ನೂ ಡಾಕ್ಟರನ್ನೂ ಕರೆಯಲೇಬೇಕು. ಈ ಗೆರೆ ಎಲ್ಲಿದೆ ಎಂದು ಮಗುವಿಗೆ ಮೊದಲೇ ಹೇಳಬೇಕು.

ಪಾಲಕರು ಕೇಳಬೇಕಾದದ್ದು

ಫೀಸು ಕಟ್ಟುವ ದಿನ ಕೌಂಟರಿನಲ್ಲೇ ಕೇಳಬಹುದು. ಕೌನ್ಸೆಲರ್ ಯಾರು? ಏನು ಓದಿದ್ದಾರೆ? ವಾರಕ್ಕೆ ಎಷ್ಟು ದಿನ ಬರುತ್ತಾರೆ? ಕೋಣೆ ಯಾವುದು? ಸ್ಮಾರ್ಟ್ ಕ್ಲಾಸಿಗೆ ರಸೀದಿ ಹರಿಯುವವರು ಇದಕ್ಕೂ ಉತ್ತರ ಕೊಡಲಿ. ಸರ್ಕಾರಿ ಶಾಲೆಯಲ್ಲಾದರೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ಕೇಳಲಿ.

ಅಲ್ಲಿಯವರೆಗೆ ಎರಡು ನಂಬರು ಗಲ್ಲಾಪೆಟ್ಟಿಗೆಯ ಪಕ್ಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 14416, ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು 1098, ಮಕ್ಕಳ ಸಹಾಯವಾಣಿ.

ಇದನ್ನೆಲ್ಲ ನೋಡಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಸಮಿತಿ ಇರಬೇಕು, ಅದು ತಪಾಸಣೆ ಮಾಡಬೇಕು, ದೂರು ತೆಗೆದುಕೊಳ್ಳಬೇಕು ಎಂದು ಕೋರ್ಟು ಹೇಳಿದೆ. ದೂರು ಎಲ್ಲಿ ಕೊಡಬೇಕು, ಯಾವ ಶಾಲೆಯಲ್ಲಿ ಯಾರು ಕೂರುತ್ತಾರೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಬಸ್ ಸ್ಟ್ಯಾಂಡಿನ ಗೋಡೆಗೇ ಅಂಟಿಸಲಿ. ಖಾಲಿ ಬಿಟ್ಟ ಹೆಸರುಗಳು ಎಷ್ಟೆಂದು ಜನರೇ ಎಣಿಸುತ್ತಾರೆ.