ಮೈ ಕಟ್ಟುವುದು ಹಾಲೋ, ಕಾಳೋ?

ಪ್ರಶ್ನೆ: ಸ್ನಾಯು ಬೆಳೆಸಲು ಹಾಲಿನ ಪ್ರೋಟೀನೇ ಬೇಕೇ?

ಪರ: ಬೇಕು

ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು ಮಟ್ಟಿಯಿಂದ ಎದ್ದುಬಂದ ಪೈಲ್ವಾನರು ನೆಚ್ಚಿಕೊಂಡಿದ್ದು ಹಾಲು, ಬಾದಾಮಿಯನ್ನು. ಪ್ರೋಟೀನು ಎಂಬ ಪದ ಕೇಳದ ಕಾಲದಲ್ಲೂ ಹಾಲು ಮೈಗೆ ಹತ್ತುತ್ತದೆಂದು ಅವರಿಗೆ ಗೊತ್ತಿತ್ತು. ಏಕೆ ಹತ್ತುತ್ತದೆಂದು ಈಗ ಬಿಡಿಸಿ ಹೇಳಬಹುದು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80 ಕೇಸಿನ್, ಶೇ 20 ವೇ. ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿರುವುದೇ ವೇ. ಅದು ಬೇಗ ಅರಗುತ್ತದೆ. ಕೇಸಿನ್ ಹೊಟ್ಟೆಯಲ್ಲಿ ಗಟ್ಟಿಯಾಗಿ, ಗಂಟೆಗಟ್ಟಲೆ ನಿಧಾನಕ್ಕೆ ಕರಗುತ್ತದೆ. ಕಸರತ್ತಿನಲ್ಲಿ ದಣಿದ ಸ್ನಾಯುವನ್ನು ಮತ್ತೆ ಕಟ್ಟಿಕೊಳ್ಳಲು ಎಬ್ಬಿಸುವುದು ಲ್ಯೂಸಿನ್ ಎಂಬ ಅಮೈನೊ ಆಮ್ಲ. ಒಂದು ಹೊತ್ತಿಗೆ ಅದು 2ರಿಂದ 3 ಗ್ರಾಂ ಬೇಕು. 25 ಗ್ರಾಂ ವೇ ಪ್ರೋಟೀನಿನಲ್ಲಿ ಅಷ್ಟು ಸಿಕ್ಕೇಬಿಡುತ್ತದೆ. ಅಷ್ಟೇ ಪ್ರೋಟೀನನ್ನು ಹುರುಳಿಯಿಂದ ಪಡೆಯಲು 100 ಗ್ರಾಮಿಗೂ ಹೆಚ್ಚು ಒಣಕಾಳು ಬೇಯಿಸಿ ಒಂದೇ ಹೊತ್ತಿಗೆ ತಿನ್ನಬೇಕು. ಬೆಳಗ್ಗೆ ಜಿಮ್ ಮುಗಿಸಿ ಬಸ್ಸಿಗೆ ಓಡುವ ಹುಡುಗನಿಂದ ಅದಾಗುತ್ತದೆಯೇ? ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ಇದೆ, ಕುಡಿಯಲು ಎರಡು ನಿಮಿಷ ಸಾಕು.

ವಿರೋಧ: ಬೇಕೇ ಬೇಕೆಂದೇನಿಲ್ಲ

ಲ್ಯೂಸಿನ್ ಲೆಕ್ಕ ಸುಳ್ಳಲ್ಲ. ಗ್ರಾಮಿಗೆ ಗ್ರಾಂ ತೂಗಿದರೆ ವೇಯೇ ಮುಂದು, ಒಪ್ಪುತ್ತೇನೆ. ಆದರೆ ಸ್ನಾಯು ಬೆಳೆಯುವುದು ಒಂದು ಲೋಟದಿಂದಲ್ಲ, ತಿಂಗಳುಗಟ್ಟಲೆ ಉಂಡ ಊಟದಿಂದ. 2021ರಲ್ಲಿ ಪ್ರಕಟವಾದ ಬ್ರೆಜಿಲಿನ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದ 19 ಯುವಕರು, ಎಲ್ಲವನ್ನೂ ತಿನ್ನುವ 19 ಯುವಕರು. ದೇಹದ ತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನು ಎಲ್ಲರಿಗೂ. ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬಲು ಒಂದು ಗುಂಪಿಗೆ ಸೋಯಾ, ಇನ್ನೊಂದಕ್ಕೆ ವೇ. 12 ವಾರ ಕಾಲಿನ ಕಸರತ್ತು ಮಾಡಿಸಿ ಅಳೆದಾಗ ಎರಡೂ ಗುಂಪಿನ ಸ್ನಾಯು, ಬಲ ಹೆಚ್ಚುಕಡಿಮೆ ಒಂದೇ ಸಮ ಬೆಳೆದಿದ್ದವು.

ಅಮೈನೊ ಆಮ್ಲಗಳ ಪೈಕಿ ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಧಾನ್ಯದಲ್ಲಿ ಲೈಸಿನ್ ಕಡಿಮೆ. ಮುದ್ದೆಯ ಜೊತೆ ಹುರುಳಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತಪ್ಪು ಕಾಳಿನದಲ್ಲ, ನಾವು ಬಡಿಸಿಕೊಳ್ಳುವ ರೀತಿಯದು. ಬಸ್ಸಾರು ಮಾಡಿದ ದಿನ ಗಮನಿಸಿ: ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಸಾರನ್ನು ಸೌಟುಗಟ್ಟಲೆ ಸುರಿದುಕೊಳ್ಳುತ್ತೇವೆ, ಪಲ್ಯ ತಟ್ಟೆಯಂಚಿಗೆ ಒಂದು ಚಮಚ. ಪ್ರೋಟೀನಿನ ಬಹುಪಾಲು ಉಳಿದಿರುವುದು ಆ ಚಮಚದಲ್ಲಿ! ಹುರುಳಿಕಟ್ಟು ಬಲ ಕೊಡುತ್ತದೆಂದು ನಂಬುತ್ತೇವೆ. ಕುದುರೆಗೆ ಇಡುವುದು ಮಾತ್ರ ಕಾಳನ್ನೇ.

ನನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರು ನಮ್ಮ ಕಡೆ ಅಪರೂಪವೇನಲ್ಲ. ಅವರಿಗೆಲ್ಲ ಮೈ ಕಟ್ಟುವ ದಾರಿಯೇ ಇಲ್ಲ ಎಂದುಬಿಡುವುದು ಅನ್ಯಾಯ. ಆ ಅಧ್ಯಯನದ ಲೆಕ್ಕದಲ್ಲಿ 60 ಕಿಲೋ ತೂಗುವ ನನಗೆ ದಿನಕ್ಕೆ 96 ಗ್ರಾಂ ಪ್ರೋಟೀನು ಬೇಕು. 50 ಗ್ರಾಂ ಸೋಯಾ ಚಂಕ್ಸ್‌ನಿಂದ 26, 100 ಗ್ರಾಂ ಕಡಲೆಕಾಳಿನಿಂದ 20ರ ಹತ್ತಿರ, 75 ಗ್ರಾಂ ತೊಗರಿಬೇಳೆಯಿಂದ 16, 50 ಗ್ರಾಂ ಕಡಲೆಕಾಯಿ ಬೀಜದಿಂದ 12, ಉಳಿದದ್ದು ರಾಗಿ, ಅಕ್ಕಿಯಿಂದ. ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿಟ್ಟಿರಬೇಕು, ಅಷ್ಟು ಕೆಲಸ ಇದ್ದೇ ಇದೆ.