ಕೂತದ್ದೇ ಎಂಜಿನ್ನಿನ ಮೇಲೆ

ನಮ್ಮ ಮನೆಯ ಮಾರುತಿ ಓಮ್ನಿಗೆ ಪ್ರತಿ ವರ್ಷ ಆಯುಧ ಪೂಜೆ ಮಾಡುವವಳು ನಾನು. ತೊಳೆದು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇನೆ. ಆದರೆ ಎಂಜಿನ್ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಮೊನ್ನೆಮೊನ್ನೆಯವರೆಗೂ ನನಗೆ ಗೊತ್ತಿರಲಿಲ್ಲ. ಮುಂದಿನ ಸೀಟಿನ ಕೆಳಗೇ ಇದೆ. ಅಷ್ಟು ವರ್ಷ ನಾನು ಕೂತದ್ದೇ ಅದರ ಮೇಲೆ!

1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಹಿಂದಿನ ಸೀಟು ಮಡಚಿ ಜಮಖಾನ ಹಾಸಿದರೆ ಮಲಗುವ ಮನೆ. ಸ್ಟೌವು, ನೀರಿನ ಕ್ಯಾನು, ಪುಳಿಯೋಗರೆ ಡಬ್ಬಿ ಇಟ್ಟರೆ ಅಡುಗೆ ಮನೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ ಎಲ್ಲವನ್ನೂ ನಮಗೆ ತೋರಿಸಿದೆ. ವಯಸ್ಸಾಯಿತು, ವಯಸ್ಸಾದವರ ಹಾಗೆ ಒಂದು ದಿನ ಸರಿ, ಒಂದು ದಿನ ಇಲ್ಲ.

ಮೇಲುಕೋಟೆಯಲ್ಲಿ ಮಟಮಟ ಮಧ್ಯಾಹ್ನ ಕೀಲಿ ತಿರುಗಿಸಿದೆ. "ಟಕ್" ಎಂದಿತು, ಅಷ್ಟೆ. ಪುಣ್ಯಾತ್ಮರು ನಾಲ್ವರು ತಳ್ಳಿದರು, ಎರಡನೇ ಗೇರಿನಲ್ಲಿ ಹೊರಟಿತು. ಮರುದಿನ ಬೆಳಿಗ್ಗೆ ಕುವೆಂಪುನಗರದ ಮನೆ ಮುಂದೆ, ಏನೂ ಆಗಿಲ್ಲದವರ ಹಾಗೆ, ಒಂದೇ ಸಲಕ್ಕೆ ಸ್ಟಾರ್ಟ್! ಗ್ಯಾರೇಜಿಗೆ ಹೋದೆ. "ಸಾರ್‌ನ ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ" ಎಂದರು. ನಮ್ಮ ಮನೆಯವರಿಗೆ ಸೈಕಲ್ಲಿನ ಚೈನು ಹಾಕಲೂ ಬರುವುದಿಲ್ಲ. ಆದರೂ ಅವರಿಗೇ ಹೇಳಿದರು. ಮೊದಲು ಹೊಸ ಬ್ಯಾಟರಿ. ಹದಿನೈದು ದಿನ ಸುಖ. ಆಮೇಲೆ ಸೆಲ್ಫ್ ಬಿಚ್ಚಿದರು. ಮತ್ತೆ ಹದಿನೈದು ದಿನ. ಕೊನೆಗೆ ಕೀಲಿಯ ಸ್ವಿಚ್ಚು. ಮೂರನ್ನೂ ಹಾಕಿಸಿದ ಮೇಲೆ ಸಿಕ್ಕ ತೀರ್ಪು: "ಲೇಡೀಸ್ ಓಡಿಸಿದ್ರೆ ಹಿಂಗೇ ಸಾರ್."

ಇದಕ್ಕೆ ನನ್ನ ತಕರಾರಿದೆ. ಒಂದಲ್ಲ, ಮೂರು.

ಮೊದಲನೆಯದು, ಕಾಯಿಲೆ ಗೊತ್ತಾಗುವ ಮುಂಚೆ ಔಷಧಿ ಕೊಡುವ ಅಭ್ಯಾಸದ ಮೇಲೆ. ಗಾಡಿ ಹೊರಡದಿದ್ದಾಗ ಅದು ಹೇಳುವುದನ್ನು ಕೇಳಬೇಕು. ಕೀಲಿ ತಿರುಗಿಸಿದಾಗ ಹೆಡ್‌ಲೈಟು ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಸಂಪರ್ಕ ಸಡಿಲ. ಬೆಳಕು ಹಾಗೇ ಇದ್ದು ಬರಿಯ "ಟಕ್" ಎಂದರೆ ಸೆಲ್ಫನ್ನೂ ಅದಕ್ಕೆ ಹೋಗಿಬರುವ ದಾರಿಯನ್ನೂ ನೋಡಬೇಕು. ಸದ್ದೇ ಇಲ್ಲದಿದ್ದರೆ ಸ್ವಿಚ್ಚಿನ ಕಡೆ. ಎಂಜಿನ್ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲು ಬರುತ್ತಿಲ್ಲ, ಅಥವಾ ಕಿಡಿ ಇಲ್ಲ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಬೇಡ. ಕಣ್ಣು ಕಿವಿ ಸಾಕು.

ನಾನು ಓದಿದ್ದು ಬಿ.ಎ., ಪಾಠ ಮಾಡುವುದು ಸಮಾಜ ವಿಜ್ಞಾನ. ಸ್ಟಾಫ್ ರೂಮಿನಿಂದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತಂದು ಓಮ್‌ನ ನಿಯಮ ಓದಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ: ತಾರೀಖು, ಬಿಸಿಲೋ ತಂಪೋ, ಎಷ್ಟು ದೂರ ಓಡಿತ್ತು, ಎಂಥ ಸದ್ದು, ದೀಪ ಹೇಗಿತ್ತು. ಎಂಟು ಸಲ ಬರೆದ ಮೇಲೆ ಕಂಡಿತು: ಎಂಟಕ್ಕೆ ಎಂಟೂ ಸಲ, ದೂರ ಓಡಿ ಕಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದಾಗಲೇ!

ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿದ ಊರು ನಮ್ಮದು; ಎಂಜಿನ್ನಿಗೆ ಕಿವಿಗೊಡುವ ಹಿರಿಯ ಕೈಗಳು ಇನ್ನೂ ಇವೆ. ಅಂಥ ಒಬ್ಬರು ನೋಟ್‌ಬುಕ್ಕನ್ನು ಪೂರ್ತಿ ಓದಿದರು. ಕಾದ ಗಾಡಿಯಲ್ಲೇ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು, "ಈಗ ಕೀಲಿ ತಿರುಗಿಸಿ ಅಮ್ಮಾ" ಎಂದರು. ಅರ್ಧ ವೋಲ್ಟು ದಾಟಬಾರದು. ಎರಡರ ಹತ್ತಿರ ಬಂತು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ವಯರಿನ ಬುಡ ತುಕ್ಕು ಹಿಡಿದಿತ್ತು. ಸೆಲ್ಫ್ ನೂರು ಆಂಪಿಯರು ಎಳೆಯುವಾಗ ಒಂದು ಓಮ್‌ನ ಐವತ್ತನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ ಎರಡು ವೋಲ್ಟು ಅಲ್ಲೇ ಸೋರಿಹೋಗುತ್ತದೆ. ಕಾದಾಗ ಆ ಅಡ್ಡಿ ಇನ್ನೂ ಹೆಚ್ಚುತ್ತದೆ. ಉಪ್ಪು ಕಾಗದದಿಂದ ಉಜ್ಜಿ ಬೋಲ್ಟು ಬಿಗಿದರು. ಮುಗಿಯಿತು.

ಎರಡನೆಯ ತಕರಾರು ಗಿರಾಕಿಗಳಾದ ನಮ್ಮ ಮೇಲೆಯೇ. ಆ ಮೊದಲ ಗ್ಯಾರೇಜಿನವರು ಕಳ್ಳರಲ್ಲ. ಬಂದು ಹೋಗುವ ರೋಗ ಅವರೆದುರು ತೋರಿಸಿಕೊಳ್ಳುವುದಿಲ್ಲ. ಅದನ್ನು ಹುಡುಕಲು ಅರ್ಧ ದಿನ ಕೂತರೆ ನಾವು ಕೂಲಿ ಕೊಡುತ್ತೇವೆಯೇ? "ಏನೂ ಹಾಕೇ ಇಲ್ಲವಲ್ಲ, ದುಡ್ಡು ಯಾಕೆ?" ಎನ್ನುತ್ತೇವೆ. ಹಾಕಿದ ಸಾಮಾನಿಗೆ ಸಾವಿರಗಳನ್ನು ಎಣಿಸುವ ನಾವು ನೋಡಿದ ಕಣ್ಣಿಗೆ ನೂರು ಕೊಡಲು ಜಗ್ಗಾಡುತ್ತೇವೆ. ಹೀಗಿರುವಾಗ ಅವರು ಸಾಮಾನೇ ಹಾಕುತ್ತಾರೆ. ಆ ಹಿರಿಯರಿಗೆ ನಾನು ಕೊಟ್ಟದ್ದು ಬೋಲ್ಟು ಬಿಗಿದ ಕೂಲಿಯಲ್ಲ, ನೋಡಿದ ಕೂಲಿ.

ಮೂರನೆಯದು, "ನನಗೆ ಗಾಡಿ ವಿಷಯ ಒಂದೂ ಗೊತ್ತಾಗಲ್ಲಪ್ಪ" ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರ ಮೇಲೆ. 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಗಂಡನಿಗೂ ತಿಳಿಸದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೋಟಾರು ಗಾಡಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರೂರಿಗೆ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಸರಿಯಾಗಿ ದೂರ ಓಡಿದ ಮೊದಲ ಕಾರು ಪ್ರಯಾಣವೇ ಒಬ್ಬ ತಾಯಿಯದು. ನಾವು ಇನ್ನೂ ನಾಚುತ್ತಿದ್ದೇವೆ.

ಗೆಳತಿಯೊಬ್ಬಳು ಕೇಳಿದಳು: "ಅಡುಗೆ, ಕೆಲಸ, ಅತ್ತೆಯ ಮಾತ್ರೆ, ಎಲ್ಲಾ ನಮ್ಮ ತಲೆ ಮೇಲಿದೆ. ಇದೂ ಬೇಕೇನೇ?" ನ್ಯಾಯವಾದ ಮಾತು. ರಿಪೇರಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಜ್ವರ ಬಂದರೆ ಯಾವಾಗ ಬಂತು, ಎಷ್ಟಿತ್ತು, ಏನು ತಿಂದಿತ್ತು ಎಂದು ಡಾಕ್ಟರಿಗೆ ಹೇಳುವವರು ನಾವೇ ತಾನೆ? ಆ ನಾಲ್ಕು ಮಾತನ್ನು ಗ್ಯಾರೇಜಿನಲ್ಲೂ ಹೇಳಿ. "ಸಾರ್‌ನ ಕಳಿಸಿ" ಎಂದರೆ, "ಓಡಿಸುವವಳು ನಾನು, ನನಗೇ ಹೇಳಿ" ಎನ್ನಿ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಅದು ಕೆಟ್ಟದ್ದು ಹೇಗೆ ಗೊತ್ತಾಯಿತು ಎಂದೂ ಕೇಳಿ.

ಕಳೆದ ಆಯುಧ ಪೂಜೆಯಲ್ಲಿ ಸೀಟು ಎತ್ತಿ ಎಂಜಿನ್ನಿಗೂ ಕುಂಕುಮ ಇಟ್ಟೆ. ಅದಕ್ಕೂ ಮೊದಲು ಆ ಬೋಲ್ಟು ಬಿಗಿಯಾಗಿದೆಯೇ ಎಂದು ಸ್ಪಾನರ್ ಹಾಕಿ ನೋಡಿದೆ.