ಅಂಗೈಯ ಹಳದಿ ಗೆರೆ

ಜಾತ್ರೆಯಲ್ಲಿ ಕೈನೋಡಿ ಭವಿಷ್ಯ ಹೇಳುವವರ ಮುಂದೆ ಕೈಚಾಚದವರು ವಿರಳ. ವೈದ್ಯರೂ ಒಂದು ರೋಗದಲ್ಲಿ ಅಂಗೈಯ ಗೆರೆಗಳನ್ನು ನೋಡುತ್ತಾರೆ. ಗೆರೆಗಳಲ್ಲಿ ಕೊಬ್ಬು ಶೇಖರವಾಗಿ ಹಳದಿ ಬಣ್ಣ ಬಂದಿದ್ದರೆ, ರಕ್ತದಲ್ಲಿಯೂ ಕೊಬ್ಬು ತೆರವಾಗದೆ ಉಳಿದಿದೆಯೆಂದು ಅವರು ಶಂಕಿಸುತ್ತಾರೆ. ಇಂಥವರಿಗೆ ಹೃದಯದ ಹಾಗೂ ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯ ಹೆಚ್ಚು.

ಇದಕ್ಕೆ ಕಾರಣವೇನು? ಕೊಬ್ಬು ನೀರಿನಲ್ಲಿ ಕರಗದು. ಆದುದರಿಂದ ಅದು ಪ್ರೋಟೀನಿನೊಡನೆ ಕೂಡಿ ‘ಲೈಪೋಪ್ರೋಟೀನ್’ ಎಂಬ ಸೂಕ್ಷ್ಮ ಕಣಗಳಾಗಿ ರಕ್ತದಲ್ಲಿ ಸಂಚರಿಸುತ್ತದೆ. ದೇಹಕ್ಕೆ ಕೊಬ್ಬನ್ನು ಹಂಚಿ ಉಳಿದ ಕಣಗಳನ್ನು ಯಕೃತ್ತಿನ ಜೀವಕೋಶಗಳು ಒಳಗೆಳೆದುಕೊಳ್ಳಬೇಕು. ಕಣದ ಮೇಲಿರುವ ‘ಅಪೊ-ಇ’ ಎಂಬ ಪ್ರೋಟೀನು ಕೀಲಿಕೈ. ಜೀವಕೋಶದ ಮೇಲಿರುವ ಗ್ರಾಹಕವು ಬೀಗ. 299 ಅಮೈನೋ ಆಮ್ಲಗಳ ಈ ಕೀಲಿಕೈಯಲ್ಲಿ 158ನೆಯ ಸ್ಥಾನದ ಅರ್ಜಿನೀನ್ ಬದಲು ಸಿಸ್ಟೀನ್ ಇದ್ದರೆ ಅದನ್ನು ‘ಇ-2’ ಎನ್ನುತ್ತಾರೆ. ಅದು ಬೀಗಕ್ಕೆ ಸರಿಯಾಗಿ ಕೂರುವುದಿಲ್ಲ. ಕಣಗಳು ರಕ್ತದಲ್ಲಿಯೇ ತಿರುಗುತ್ತ ಉಳಿಯುತ್ತವೆ.

“ಹುಟ್ಟುಗುಣ ಸುಟ್ಟರೂ ಹೋಗದು” ಎಂದು ಕೆಲವರು ಕೈಚೆಲ್ಲಬಹುದು. ಅದು ತಪ್ಪೆಂದು ನನ್ನ ಅಭಿಪ್ರಾಯ. ತಂದೆ ತಾಯಿ ಇಬ್ಬರಿಂದಲೂ ಇ-2 ಪಡೆದವರಲ್ಲಿ ಕೂಡ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ. ಬೊಜ್ಜು, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಜೊತೆಗೂಡಿದಾಗಲೇ ಅದು ಸಾಮಾನ್ಯವಾಗಿ ತಲೆಯೆತ್ತುತ್ತದೆ. ಪಥ್ಯಕ್ಕೂ ಔಷಧಿಗೂ ಚೆನ್ನಾಗಿ ಬಗ್ಗುತ್ತದೆ. ಹಳದಿ ಗೆರೆಗಳೂ ಮಾಸಬಲ್ಲವು.

ಇನ್ನು ಕೆಲವರು “ತಿಂದದ್ದರ ಫಲ” ಎಂದು ರೋಗಿಯನ್ನೇ ಹಳಿಯುತ್ತಾರೆ. ಒಂದೇ ಪಂಕ್ತಿಯಲ್ಲಿ ಒಂದೇ ಊಟ ಉಂಡ ಇಬ್ಬರ ರಕ್ತ ಒಂದೇ ರೀತಿ ಇರಬೇಕೆಂದಿಲ್ಲ. ಕೀಲಿಕೈಯನ್ನು ಯಾರೂ ಆರಿಸಿ ಪಡೆದಿಲ್ಲ. ಕೊಟ್ಟ ತಂದೆತಾಯಿಗಳೂ ತಪ್ಪಿತಸ್ಥರಲ್ಲ.

ಆದುದರಿಂದ ಹೆತ್ತವರಲ್ಲಿ ಒಂದು ವಿನಂತಿ. ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮನೆತನದ ಹೃದ್ರೋಗವನ್ನು ಮುಚ್ಚಿಡಬೇಡಿ. ಅಜ್ಜನೋ ಚಿಕ್ಕಪ್ಪನೋ ಎಳೆಯ ಪ್ರಾಯದಲ್ಲೇ ಎದೆನೋವಿನಿಂದ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸಿ. ವಿದ್ಯಾರ್ಥಿ ಮಿತ್ರರೇ, ಈಗಲೇ ಅಂಗೈ ನೋಡಿಕೊಂಡು ಹೆದರಬೇಡಿ. ಈ ರೋಗ ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಮೇಲೆ ಕಾಣಿಸುವಂಥದು. ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಮನೆತನದಲ್ಲಿ ಯಾರಿಗೆ ಯಾವ ಪ್ರಾಯದಲ್ಲಿ ಯಾವ ಕಾಯಿಲೆ ಬಂದಿತ್ತೆಂದು ಕೇಳಿ ಬರೆದಿಡಿ. ಜಾತಕಕ್ಕಿಂತ ಆ ಒಂದು ಹಾಳೆ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.